ಬಡ್ಡಿ, ಫ್ಲ್ಯಾಟು, ಬೊಂಡಾಸ್: ಯಾರ ಮಾತು ಕೇಳೋದು?

ಪುತ್ತೂರು ಹುಡುಗ:

ಎಲ್ಲರಿಗೂ ಸಲಾಂ, ನಮಸ್ಕಾರ.

ನಾನು ಪುತ್ತೂರು ಕಡೆಯ ಬ್ಯಾರಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಹೆಗಡೆನಗರದಲ್ಲಿ ಬಾಡಿಗೆ ಮನೆ. ಹೆಂಡತಿ ಶಿವಮೊಗ್ಗದವಳು, ಮನೆಮಾತು ಉರ್ದು. ಇದನ್ನು ಯಾಕೆ ಹೇಳಿದೆ ಅಂದ್ರೆ, ನಾವು ಶಾಫಿ, ಅವರ ಕಡೆಯವರು ಹನಫಿ, ಅಂದ್ರೆ ಇಸ್ಲಾಮಿಕ್ ಕಾನೂನಿನ ಎರಡು ಬೇರೆ ಪಂಥಗಳು (ಮದ್‌ಹಬ್). ಮದುವೆಗೆ ಮುಂಚೆ ಇದೊಂದು ವಿಷಯ ಅಂತಲೇ ಅನ್ನಿಸಿರಲಿಲ್ಲ. ಈಗ ಏನು ಕೇಳಿದರೂ ಮನೆಯಲ್ಲಿ ಎರಡು ಉತ್ತರ.

ಓನರ್ ಮನೆ ಖಾಲಿ ಮಾಡಿ ಅಂದಿದ್ದಾರೆ. ನಮ್ಮ ಹೆಸರು ಹೇಳಿಕೊಂಡು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕೋದು ಎಷ್ಟು ಸುಲಭ ಅಂತ ಹುಡುಕಿದವರಿಗೆ ಗೊತ್ತು. ಸ್ವಂತ ಫ್ಲ್ಯಾಟ್ ತಗೊಂಡುಬಿಡೋಣ ಅಂತ ಹೆಂಡತಿ. ಬೇಕಾದ ದುಡ್ಡಿನಲ್ಲಿ ಮೂರನೇ ಒಂದು ಭಾಗ ಕೈಯಲ್ಲಿದೆ. ಉಳಿದದ್ದಕ್ಕೆ ಹೋಮ್ ಲೋನ್, ಅಂದ್ರೆ ಬಡ್ಡಿ. ಊರಿನ ಉಸ್ತಾದರನ್ನು ಕೇಳಿದರೆ "ತಗೊಳ್ಳೋದು ಮಾತ್ರ ಅಲ್ಲ, ಕೊಡೋದೂ ಹರಾಮೇ" ಅಂದರು. ಹೆಂಡತಿಯ ಅಣ್ಣ ಒಂದು ಆನ್‌ಲೈನ್ ಫತ್ವಾ ಕಳಿಸಿದರು. ವಾಸಕ್ಕೆ ಒಂದೇ ಮನೆ, ಬೇರೆ ದಾರಿಯೇ ಇಲ್ಲ ಅಂದ್ರೆ ಆಗಬಹುದು ಅಂತ ಅದರಲ್ಲಿದೆ.

ಇದರ ಮಧ್ಯೆ ಮಸೀದಿಯ ಬಳಿ ಪರಿಚಯವಾದ ಒಬ್ಬರು "ಹಲಾಲ್ ಪಾರ್ಟ್ನರ್‌ಶಿಪ್" ಅಂತ ಹಿಂದೆ ಬಿದ್ದಿದ್ದಾರೆ. ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ, ಅಸಲು ಎಲ್ಲೂ ಹೋಗಲ್ಲ, ಮುಫ್ತಿಗಳು ಸಹಿ ಮಾಡಿದ ಕಾಗದ ಇದೆ ಅಂತಾರೆ. ಎರಡು ವರ್ಷ ಅಲ್ಲಿಟ್ಟು ಆಮೇಲೆ ಫ್ಲ್ಯಾಟ್ ತಗೋ ಅನ್ನೋದು ಅವರ ಸಲಹೆ.

ಸಂಬಳದ ಖಾತೆಗೆ ಬೀಳುವ ಬಡ್ಡಿಯನ್ನು ಏನು ಮಾಡಬೇಕು? ಪಿಎಫ್ ಬಡ್ಡಿ? ಕೊನೆಗೆ ಒಂದು ಮನೆಜಗಳ: ಉಮ್ಮ ಬಂದಾಗ ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದರು, ಹೆಂಡತಿ ಆ ಪಾತ್ರೆ ತೊಳೆಯೋಕೂ ಹಿಂದೆ ಮುಂದೆ ನೋಡಿದಳು. ಒಂದೇ ದೀನ್, ಒಂದೇ ಧರ್ಮ ಅಲ್ವಾ ನಮ್ಮದು? ಯಾರ ಮಾತು ಕೇಳೋದು?

ಉಳ್ಳಾಲದ ಕಾಕ:

ಮೋನೇ, ಮೊದಲು ಆ ಲಕ್ಷಕ್ಕೆ ಮೂರು ಸಾವಿರದವರ ಫೋನ್ ಎತ್ತೋದು ಬಿಡು. ಉಳಿದದ್ದು ಆಮೇಲೆ.

ನಾನು ದುಬೈಯಲ್ಲಿ ಒಂದು ಇಸ್ಲಾಮಿಕ್ ಬ್ಯಾಂಕಿನ ಡಾಕ್ಯುಮೆಂಟ್ ಸೆಕ್ಷನ್‌ನಲ್ಲಿದ್ದು ಬಂದವನು. ಆಲಿಮ್ (ಧರ್ಮ ವಿದ್ವಾಂಸ) ಅಲ್ಲ, ಫತ್ವಾ ಕೊಡುವುದಿಲ್ಲ. ಕಾಗದ ನೋಡಿ ನೋಡಿ ಬಂದ ಬುದ್ಧಿ ಅಷ್ಟೇ.

ಇಂಥ ಪಾರ್ಟ್ನರ್‌ಶಿಪ್ಪಿನ ಹೆಸರು ಮುದಾರಬಾ, ಅಂದ್ರೆ ಒಬ್ಬನ ದುಡ್ಡು, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲು. ನಷ್ಟವಾದರೆ ದುಡ್ಡು ಹಾಕಿದವನ ದುಡ್ಡು ಹೋಯ್ತು, ದುಡಿದವನ ಶ್ರಮ ಹೋಯ್ತು. ಅಸಲಿಗೆ ಗ್ಯಾರಂಟಿ ಕೊಟ್ಟು, ಹಾಕಿದ ದುಡ್ಡಿನ ಮೇಲೆ ತಿಂಗಳಿಗೆ ಇಷ್ಟು ಅಂದ ಕೂಡಲೇ ಅದು ಬಡ್ಡಿಯೇ. ಯಾವ ಮುಫ್ತಿಯ ಸಹಿಯೂ ಅದನ್ನು ಬದಲಾಯಿಸುವುದಿಲ್ಲ. ಅವರನ್ನು ಒಂದೇ ಪ್ರಶ್ನೆ ಕೇಳು: "ಹೋದ ವರ್ಷ ಯಾವ ತಿಂಗಳು ನಷ್ಟ ಆಯ್ತು?" ವ್ಯಾಪಾರ ಮಾಡುವವನಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆ. 2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಅನ್ನೋ ಹೂಡಿಕೆ ಕಂಪನಿ ಬಾಗಿಲು ಹಾಕಿದಾಗ ಹತ್ತಾರು ಸಾವಿರ ಜನ ದೂರು ಕೊಡೋಕೆ ಸಾಲು ನಿಂತರು. ನೀನಾಗ ಬೆಂಗಳೂರಿನಲ್ಲಿ ಇದ್ದೆಯೋ ಇಲ್ಲವೋ. ಅಲ್ಲೂ ಹಲಾಲ್ ಅನ್ನೋ ಮಾತಿಗೇ ಜನ ದುಡ್ಡು ಕೊಟ್ಟದ್ದು.

ಇನ್ನು ನಿಜವಾದ ಇಸ್ಲಾಮಿಕ್ ಬ್ಯಾಂಕ್ ಹೇಗೆ ನಡೆಯುತ್ತದೆ ಅಂತ ಹೇಳ್ತೇನೆ. ಕಾರ್ ಬೇಕು ಅಂತ ಬಂದ ಗಿರಾಕಿ ಶೋರೂಮಿನ ಕೊಟೇಶನ್ ತರುತ್ತಾನೆ. ಬ್ಯಾಂಕು ಆ ಕಾರನ್ನು ಶೋರೂಮಿನಿಂದ ತಾನು ಕೊಳ್ಳಬೇಕು. ಕೊಂಡ ಮೇಲೆ ತನ್ನ ಲಾಭ ಎಷ್ಟು ಅಂತ ತೋರಿಸಿ, ಗಿರಾಕಿಗೆ ಕಂತಿನ ಮೇಲೆ ಮಾರಬೇಕು. ಇದು ಮುರಾಬಹಾ. ಫೈಲು ನನ್ನ ಟೇಬಲ್ಲಿಗೆ ಬಂದರೆ ನಾನು ಮೊತ್ತ ನೋಡುತ್ತಿರಲಿಲ್ಲ, ತಾರೀಕು ನೋಡುತ್ತಿದ್ದೆ. ಬ್ಯಾಂಕು ಕೊಂಡ ತಾರೀಕು ಮೊದಲು, ಮಾರಿದ ತಾರೀಕು ಆಮೇಲೆ. ಅದೇ ದಿನ ಆದರೆ ಗಂಟೆ ನೋಡಬೇಕು. ಸೇಲ್ಸ್ ಹುಡುಗರಿಗೆ ಗಿರಾಕಿಯನ್ನು ಎರಡು ಸಲ ಕರೆಸೋದು ಬೇಜಾರು. ಎಲ್ಲಾ ಕಾಗದಕ್ಕೂ ಒಂದೇ ಸಲ ಸಹಿ ಹಾಕಿಸಿ ತಂದುಬಿಡುತ್ತಿದ್ದರು. ಅಂದ್ರೆ ಬ್ಯಾಂಕು ತನ್ನದಲ್ಲದ ಕಾರನ್ನು ಮಾರಿದ ಹಾಗಾಯ್ತು. ಶರಿಯಾ ಆಡಿಟಿನಲ್ಲಿ ಸಿಕ್ಕಿಬಿದ್ದರೆ ಆ ಫೈಲಿನ ಲಾಭ ಪೂರ್ತಿ ದಾನದ ಖಾತೆಗೆ. ಮ್ಯಾನೇಜರ್ ಮುಖ ನೋಡಬೇಕಿತ್ತು ಆಗ!

"ಇಷ್ಟಕ್ಕೆ ಏನು ವ್ಯತ್ಯಾಸ, ಕಂತು ಕಂತೇ ಅಲ್ವಾ?" ಅಂತ ಜನ ನಗ್ತಾರೆ. ಅರ್ಧ ಸರಿ. ಲಾಭ ಎಷ್ಟಿಡಬೇಕು ಅಂತ ನಮ್ಮವರು ನೋಡುತ್ತಿದ್ದದ್ದು ಪಕ್ಕದ ಮಾಮೂಲಿ ಬ್ಯಾಂಕುಗಳ ಬಡ್ಡಿ ದರವನ್ನೇ. ಆದರೆ ಎರಡು ವಿಷಯ ನಿಜಕ್ಕೂ ಬೇರೆ. ಬೆಲೆ ಒಮ್ಮೆ ಗೊತ್ತಾದರೆ ಆಮೇಲೆ ಏರುವ ಹಾಗಿಲ್ಲ. ಕಂತು ತಡವಾದರೆ ಬೀಳುವ ದಂಡವನ್ನು ಬ್ಯಾಂಕು ತಿನ್ನುವ ಹಾಗಿಲ್ಲ, ಅದೂ ದಾನಕ್ಕೇ. ಸಾಲ ಬೆಳೆಯುತ್ತಾ ಹೋಗೋದು ನಿಲ್ಲುತ್ತದೆ. ಸಾಲಗಾರನಿಗೆ ಕಷ್ಟವಿದ್ದರೆ ಸುಲಭವಾಗುವ ತನಕ ಸಮಯ ಕೊಡಿ ಅಂತ ಕುರ್‌ಆನಿನ ಸೂರಾ ಬಕರಾದಲ್ಲೇ ಇದೆ. ಅದನ್ನು ಓದಿಕೊಂಡು ಬೆಳೆದವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನನಗೆ ಸರಿಹೋಗದೇ ಇದ್ದದ್ದು ತವರ್ರುಕ್. ನಿನಗೆ ಕಾರೂ ಬೇಡ ಮನೆಯೂ ಬೇಡ, ಕ್ಯಾಶ್ ಬೇಕು. ಬ್ಯಾಂಕು ನಿನಗೆ ಎಲ್ಲೋ ಗೋಡೌನಿನಲ್ಲಿರುವ ಲೋಹವನ್ನು ಕಂತಿಗೆ ಮಾರುತ್ತದೆ. ನಿನ್ನ ಪರವಾಗಿ ತಾನೇ ಅದನ್ನು ಬೇರೆಯವರಿಗೆ ಮಾರಿ ಕ್ಯಾಶ್ ಕೊಡುತ್ತದೆ. ಲೋಹವನ್ನು ನೀನು ಕಣ್ಣಲ್ಲೂ ನೋಡಿರುವುದಿಲ್ಲ. 2009ರಲ್ಲಿ ಶಾರ್ಜಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ (ಇಸ್ಲಾಮಿಕ್ ಕಾನೂನು) ಅಕಾಡೆಮಿ, ಬ್ಯಾಂಕುಗಳೇ ಏರ್ಪಾಡು ಮಾಡುವ ಈ ತವರ್ರುಕ್ ಸರಿಯಲ್ಲ ಅಂತ ತೀರ್ಮಾನ ಮಾಡಿತು. ಶಾರ್ಜಾ ನಮ್ಮ ಆಫೀಸಿನಿಂದ ಎಷ್ಟು ದೂರ ಹೇಳು! ಆದರೂ ನಿಲ್ಲಲಿಲ್ಲ. ಬ್ಯಾಂಕಿನ ಸ್ವಂತ ಶರಿಯಾ ಬೋರ್ಡ್ ಒಪ್ಪಿದೆಯಲ್ಲ, ಸಾಕು ಅಂತ. ಆ ಬೋರ್ಡಿನವರಿಗೆ ಗೌರವಧನ ಕೊಡುವುದು ಬ್ಯಾಂಕೇ. ಕೆಲವು ದೊಡ್ಡ ವಿದ್ವಾಂಸರ ಹೆಸರು ಹತ್ತಾರು ಬೋರ್ಡುಗಳಲ್ಲಿ ಇರುತ್ತದೆ. ಅವರ ವಿದ್ವತ್ತಿನ ಬಗ್ಗೆ ನನಗೆ ಸಂಶಯ ಇಲ್ಲ. ಏರ್ಪಾಡಿನ ಬಗ್ಗೆ ಇದೆ.

ಯಾರ ಮಾತು ಕೇಳೋದು ಅಂದೆಯಲ್ಲ. ದೊಡ್ಡವರಲ್ಲೇ ಒಮ್ಮತ ಇಲ್ಲ. ಕೈರೋದ ಅಲ್ ಅಝ್ಹರಿನ ಸಂಶೋಧನಾ ಅಕಾಡೆಮಿ 2002ರಲ್ಲಿ, ಬ್ಯಾಂಕು ಮೊದಲೇ ನಿಗದಿ ಮಾಡಿ ಕೊಡುವ ಲಾಭ ಆಗಬಹುದು ಅಂದಿತು. ಬೇರೆ ಕಡೆಯ ಹೆಚ್ಚಿನ ಉಲಮಾಗಳು (ಧರ್ಮ ವಿದ್ವಾಂಸರು) ಒಪ್ಪಲಿಲ್ಲ. ನಿನ್ನ ಹೆಂಡತಿಯ ಅಣ್ಣ ಕಳಿಸಿದ ಫತ್ವಾದ ಮೂಲ ಬಹುಶಃ 1999ರ ಯುರೋಪಿನದ್ದು. ಫತ್ವಾ ಮತ್ತು ಸಂಶೋಧನೆಯ ಯುರೋಪಿಯನ್ ಮಂಡಳಿ, ಅಲ್ಲಿನ ಮುಸ್ಲಿಮರಿಗೆ ಬೇರೆ ದಾರಿ ಇಲ್ಲದಿದ್ದರೆ ವಾಸದ ಮನೆಗೆ ಬ್ಯಾಂಕ್ ಸಾಲ ಆಗಬಹುದು ಅಂತ ಹೇಳಿತು. ಅದಕ್ಕೂ ಜೋರು ವಿರೋಧ ಬಂತು. ಹೆಗಡೆನಗರ ಯುರೋಪಾ, ಬೇರೆ ದಾರಿ ನಿಜಕ್ಕೂ ಇಲ್ಲವಾ ಅನ್ನೋದನ್ನು ನೀನು ಯಾರನ್ನಾದರೂ ಎದುರು ಕೂತು ಕೇಳಬೇಕು. ಅವರು ನಿನ್ನ ಸಂಬಳ, ಬಾಡಿಗೆ, ಕೈಯಲ್ಲಿರುವ ದುಡ್ಡು ಎಲ್ಲ ತಿರುಗಿ ಕೇಳಬೇಕು. ಏನೂ ಕೇಳದೆ ಹೌದು ಅಂದವರ ಮಾತೂ ಬೇಡ, ಏನೂ ಕೇಳದೆ ಇಲ್ಲ ಅಂದವರ ಮಾತೂ ಬೇಡ.

ಸಂಬಳದ ಖಾತೆಯ ಬಡ್ಡಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ತೆಗೆದು ಬಡವರಿಗೆ ಕೊಡು, ಆದರೆ ಸವಾಬ್ (ಪುಣ್ಯ) ಸಿಗಲಿ ಅಂತ ಕೊಡಬೇಡ. ಝಕಾತಿನ (ಕಡ್ಡಾಯ ದಾನದ) ಲೆಕ್ಕಕ್ಕೂ ಸೇರಿಸಬೇಡ. ಪಿಎಫ್ ವಿಷಯದಲ್ಲಿ ಹನಫಿ ಮುಫ್ತಿಗಳು ಅನೇಕರು ಸಲೀಸಾದ ಮಾತು ಹೇಳಿದ್ದಾರೆ: ಕಡ್ಡಾಯವಾಗಿ ಮುರಿದುಕೊಂಡ ದುಡ್ಡು ನಿನ್ನ ಕೈಗೇ ಬಂದಿಲ್ಲ, ಅದರ ಮೇಲೆ ಸೇರಿದ್ದು ಬಡ್ಡಿಯಲ್ಲ, ಸಂಬಳದ ಬಾಕಿ ಇದ್ದ ಹಾಗೆ. ನೀನಾಗಿ ಜಾಸ್ತಿ ಕಟ್ಟಿದರೆ ಕಥೆ ಬೇರೆ. ನೋಡು, ಇಲ್ಲಿ ಹೆಂಡತಿಯ ಕಡೆಯ ಮಾತು ನಿನಗೇ ಅನುಕೂಲ.

ಕುಂದಾಪುರ ಸಿಎ:

ಕಾಕಾ ಹೇಳಿದ ಹಾಗೆ ಮನೆಗೆ ಮುರಾಬಹಾ ಇಲ್ಲಿ ಯಾಕಿಲ್ಲ ಅಂತ ಎರಡು ಮಾತು ಸೇರಿಸುತ್ತೇನೆ. ನಾನು ಮುಸ್ಲಿಂ ಅಲ್ಲ, ಆದರೆ ನನ್ನ ಕಕ್ಷಿಗಾರರಲ್ಲಿ ಈ ಪ್ರಶ್ನೆ ಕೇಳುವವರು ಬಹಳ.

1949ರ ಬ್ಯಾಂಕಿಂಗ್ ರೆಗ್ಯುಲೇಶನ್ ಕಾಯ್ದೆ ಪ್ರಕಾರ ನಮ್ಮ ಬ್ಯಾಂಕು ಸರಕು ಕೊಂಡು ಮಾರುವ ವ್ಯಾಪಾರ ಮಾಡುವಂತಿಲ್ಲ. ತನ್ನ ಬಳಕೆಗೆ ಅಲ್ಲದ ಜಾಗ, ಮನೆಗಳನ್ನು ಏಳು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಅಲ್ಲಿಗೆ ಮುರಾಬಹಾವೂ ಕಷ್ಟ, ಬಾಡಿಗೆಗೆ ಕೊಟ್ಟು ಕೊನೆಗೆ ಬರೆದುಕೊಡುವ ಇಜಾರಾವೂ ಕಷ್ಟ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಯೋಚಿಸಬೇಕು ಅಂತ ಬರೆಯಿತು. 2017ರಲ್ಲಿ ಆರ್‌ಬಿಐ, ಇದನ್ನು ಮುಂದುವರಿಸುವುದಿಲ್ಲ ಅಂದಿತು. ಒಂದು ವೇಳೆ ಕಾನೂನು ಬಿಟ್ಟರೂ ಸ್ಟ್ಯಾಂಪ್ ಡ್ಯೂಟಿ ಎರಡು ಸಲ: ಬಿಲ್ಡರ್‌ನಿಂದ ಬ್ಯಾಂಕಿಗೆ ಒಮ್ಮೆ, ಬ್ಯಾಂಕಿನಿಂದ ನಿಮಗೆ ಒಮ್ಮೆ. ಬ್ರಿಟನ್ನಿನಲ್ಲೂ ಇದೇ ತೊಂದರೆ ಇತ್ತು, 2003ರಲ್ಲಿ ಕಾನೂನು ಮಾಡಿ ಎರಡನೆಯದನ್ನು ತೆಗೆದರು.

ಹಾಗಾಗಿ ನಿಮಗೆ ಉಳಿಯುವ ದಾರಿ ಬಿಲ್ಡರ್ ಹತ್ತಿರವೇ ಕಂತು. ಕಟ್ಟುತ್ತಿರುವ ಪ್ರಾಜೆಕ್ಟ್ ನೋಡಿ. ಒಟ್ಟು ಬೆಲೆ ಮೊದಲೇ ನಿಗದಿಯಾಗಲಿ. ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ಇದೆಯಾ ನೋಡಿ. ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮುಂಚೆ ಬೆಲೆಯ 10%ಗಿಂತ ಜಾಸ್ತಿ ಕೇಳುವಂತಿಲ್ಲ. ತಡವಾದರೆ ಬಡ್ಡಿ ಅಂತ ಒಂದು ಕಲಂ ಇದ್ದೇ ಇರುತ್ತದೆ, ಅದನ್ನು ನಿಮ್ಮ ಉಸ್ತಾದರಿಗೆ ತೋರಿಸಿ. ಬಡ್ಡಿ ಕಟ್ಟದಿದ್ದರೆ ಹೋಮ್ ಲೋನ್ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿ ಸಹಜವಾಗಿ ಇಲ್ಲ.

ಆ ಮಸೀದಿ ಬಳಿಯ ಪಾರ್ಟ್ನರ್: ನಿಮ್ಮ ಹೆಸರು ಪಾಲುದಾರಿಕೆ ಪತ್ರದಲ್ಲಿ ಇರುತ್ತದಾ, ಲೆಕ್ಕಪತ್ರ ನೋಡುವ ಹಕ್ಕು ಇದೆಯಾ ಕೇಳಿ. ಇಲ್ಲ ಅಂದ್ರೆ ಅದು ಠೇವಣಿ. ಅನುಮತಿ ಇಲ್ಲದೆ ಹಾಗೆ ಠೇವಣಿ ತೆಗೆದುಕೊಳ್ಳುವುದಕ್ಕೆ 2019ರ ಕೇಂದ್ರ ಕಾಯ್ದೆ ಇದೆ, ಜೈಲು ಶಿಕ್ಷೆಯೂ ಇದೆ.

ಬಿಸ್ಕತ್ತು ಲ್ಯಾಬ್:

ನಾನು ಹುಬ್ಬಳ್ಳಿಯವಳು, ಹನಫಿ. ಗಂಡ ಭಟ್ಕಳದವರು, ಶಾಫಿ. ಆದ್ದರಿಂದ ಭಾಯಿ, ನಿಮ್ಮ ಮನೆಯ ಪಾತ್ರೆ ಜಗಳ ನನಗೆ ಬಾಯಿಪಾಠ.

ನಮ್ಮ ಹನಫಿಗಳಿಗೆ ನೀರಿನ ಜೀವಿಗಳಲ್ಲಿ ಮೀನು ಮಾತ್ರ. ಮರುವಾಯಿ, ಬೊಂಡಾಸ್ (ಸ್ಕ್ವಿಡ್) ಇಲ್ಲ. ಸಿಗಡಿ ಮೀನೋ ಅಲ್ಲವೋ ಅಂತ ನಮ್ಮ ಉಲಮಾಗಳೇ ಇನ್ನೂ ಒಂದು ಮಾತಿಗೆ ಬಂದಿಲ್ಲ. ನನ್ನ ತವರಲ್ಲಿ ತಿನ್ನುತ್ತಾರೆ, ಚಿಕ್ಕಮ್ಮನ ಮನೆಯಲ್ಲಿ ತಿನ್ನಲ್ಲ. ಶಾಫಿಗಳಿಗೆ ಸಮುದ್ರದ್ದು ಬಹುತೇಕ ಎಲ್ಲಾ ಆಗುತ್ತದೆ, ಆದರೆ ಏಡಿ ಅಂದ್ರೆ ಅವರಲ್ಲೂ ಜಗಳ, ನೆಲದ ಮೇಲೂ ಬದುಕುತ್ತದೆ ಅಂತ. ಅತ್ತೆ ನನ್ನ ಪಾಲಿಗೆ ಬಂಗುಡೆ ಬೇರೆ ಹುರಿದಿಡುತ್ತಾರೆ. ನಾನು ಅವರ ಬೊಂಡಾಸ್ ತೊಳೆದು, ಹೆಚ್ಚಿ, ಮಸಾಲೆ ಹಾಕಿ ಕೊಡುತ್ತೇನೆ, ತಿನ್ನಲ್ಲ. ಪಾತ್ರೆಯೂ ತೊಳೆಯುತ್ತೇನೆ. ನಿಮ್ಮ ಹೆಂಡತಿಗೆ ಹೇಳಿ, ಸೋಪು ಹಾಕಿ ತೊಳೆದರೆ ಮುಗೀತು. ಅಮ್ಮ-ಸೊಸೆ ಮಧ್ಯೆ ನೀವು ಮುಫ್ತಿ ಆಗೋಕೆ ಮಾತ್ರ ಹೋಗಬೇಡಿ.

ನನ್ನ ಕೆಲಸ ಬಿಸ್ಕತ್ತು ಫ್ಯಾಕ್ಟರಿಯ ಲ್ಯಾಬಿನಲ್ಲಿ. ಕಾಕಾ ತಾರೀಕು ನೋಡುತ್ತಿದ್ದರಂತೆ, ನಾವು ಕಚ್ಚಾಮಾಲಿನ ಕಾಗದ ನೋಡುತ್ತೇವೆ. ಇ471 ಅಂತ ಒಂದು ಎಮಲ್ಸಿಫೈಯರ್ ಇದೆ, ಎಣ್ಣೆ ನೀರು ಬೆರೆಯುವ ಹಾಗೆ ಮಾಡುವ ಪದಾರ್ಥ. ಪಾಮ್ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿ ಕೊಬ್ಬಿನಿಂದಲೂ ಮಾಡಬಹುದು. ಪುಡಿ ನೋಡಿದರೆ ಎರಡೂ ಬಿಳಿಯೇ. ಸಪ್ಲೈಯರ್ ಕೊಟ್ಟ ಕಾಗದವೇ ಆಧಾರ. ಭಾರತದಲ್ಲಿ ಹಸಿರು ಚುಕ್ಕೆ ಇದ್ದರೆ ಕೊಬ್ಬು, ಜೆಲಾಟಿನ್ ಎರಡರ ಚಿಂತೆಯೂ ತಪ್ಪಿತು. ಉಳಿಯೋದು ವೆನಿಲಾ ಎಸೆನ್ಸನ್ನು ಆಲ್ಕೋಹಾಲಿನಲ್ಲಿ ಕರಗಿಸಿದ್ದಾರಾ ಅನ್ನೋದು. ನಮ್ಮ ಮಾಲೀಕರು ಜೈನರು. ಗಲ್ಫಿಗೆ, ಮಲೇಷ್ಯಾಕ್ಕೆ ಕಂಟೇನರ್ ಹೋಗಬೇಕಲ್ಲ, ಹಲಾಲ್ ಆಡಿಟ್ ದಿನ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ. 2022ರ ಯುಗಾದಿ ಹೊಸತೊಡಕಿನ ಹೊತ್ತಿಗೆ ಟಿವಿಯಲ್ಲಿ ಹಲಾಲ್ ಗಲಾಟೆ ನಡೆಯುವಾಗ, ಇಲ್ಲಿ ಇವರು ಸರ್ಟಿಫಿಕೇಟ್ ಯಾಕೆ ಲೇಟು ಅಂತ ಕೂಗಾಡುತ್ತಿದ್ದರು!

ಯಾರ ಮಾತು ಕೇಳೋದು ಅಂದಿರಲ್ಲ, ಇಂಡೋನೇಷ್ಯಾದ ಕಥೆ ಕೇಳಿ. 2001ರ ಜನವರಿಯಲ್ಲಿ ಅಲ್ಲಿ ಅಜಿನೊಮೊಟೊ ದೊಡ್ಡ ಸುದ್ದಿ. ಪುಡಿಯಲ್ಲಿ ಹಂದಿಯದ್ದು ಏನೂ ಇರಲಿಲ್ಲ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೆ ಹಾಕುವ ಆಹಾರ ತಯಾರಿಸೋಕೆ ಹಂದಿಯ ಕಿಣ್ವ ಬಳಸಿದ್ದರು. ಅಲ್ಲಿನ ಉಲಮಾ ಮಂಡಳಿ ಹರಾಮ್ ಅಂದಿತು. ರಾಷ್ಟ್ರಪತಿ ಅಬ್ದುರ್ರಹ್ಮಾನ್ ವಾಹಿದ್, ಅವರೂ ದೊಡ್ಡ ಧಾರ್ಮಿಕ ಸಂಘಟನೆಯ ಮುಖ್ಯಸ್ಥರಾಗಿದ್ದವರೇ, ಕೊನೆಯ ಪುಡಿಯಲ್ಲಿ ಹಂದಿಯ ಅಂಶ ಇಲ್ಲ, ಹಲಾಲ್ ಅಂದರು. ಅಂಗಡಿಗಳಿಂದ ಮಾಲು ವಾಪಸ್ ಹೋಯ್ತು. ಕಂಪನಿ ಕಿಣ್ವವನ್ನೇ ಬದಲಾಯಿಸಿತು. 2014ರಲ್ಲಿ ಕಾನೂನು ಮಾಡಿ ಸರ್ಟಿಫಿಕೇಟ್ ಕೊಡುವ ಕೆಲಸವನ್ನು ಸರ್ಕಾರಿ ಸಂಸ್ಥೆಗೆ ವಹಿಸಿದರು. ನನಗೆ ಉಲಮಾ ಮಂಡಳಿಯ ಮಾತೇ ಸರಿ ಅನ್ನಿಸುತ್ತದೆ. ಪಾಕೆಟ್ಟಿನಲ್ಲಿ ಏನಿದೆ ಅನ್ನೋದಷ್ಟೇ ಅಲ್ಲ, ಹೇಗೆ ಬಂತು ಅನ್ನೋದೂ ಪ್ರಶ್ನೆ. ಕಾಕಾನ ಕಾರಿನ ಫೈಲೂ ಇದೇ ಅಲ್ವಾ?

ಹಾಗೆ ನೋಡಿದರೆ ಕೋಳಿ ವಿಷಯದಲ್ಲಿ ನಮ್ಮವರು ಸುಮ್ನೆ ಇರೋದು ನನಗೆ ಸಿಟ್ಟು. ಕತ್ತಿ ಚೂಪು ಮಾಡಿ, ಪ್ರಾಣಿಗೆ ನೋವು ಕೊಡಬೇಡಿ ಅಂತ ಹದೀಸ್ (ಪ್ರವಾದಿಯ ಮಾತು) ಇದೆ. ಅಂಗಡಿ ಮುಂದೆ ಕಾಲು ಕಟ್ಟಿ ಸ್ಕೂಟರಿನಲ್ಲಿ ತಲೆಕೆಳಗಾಗಿ ನೇತುಹಾಕಿ ತರುತ್ತಾರಲ್ಲ, ಅದನ್ನು ಜುಮಾ ಬಯಾನಿನಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಯಾರೂ ಎತ್ತಲ್ಲ. ಬಿಸ್ಮಿಲ್ಲಾ ಹೇಳಿದ್ದಾರಾ ಅಂತ ಮಾತ್ರ ಕೇಳ್ತಾರೆ.

ಪುತ್ತೂರು ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನಿಮ್ಮ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. "ಮುಫ್ತಿ ಆಗಬೇಡಿ" ಅನ್ನೋದನ್ನು ಎರಡು ಸಲ ಓದಿಸಿದಳು.

ಕಾಕಾ, ಆ ಪಾರ್ಟ್ನರ್‌ಗೆ ನಷ್ಟದ ಪ್ರಶ್ನೆ ಮೆಸೇಜ್ ಮಾಡಿದೆ. "ಅಲ್ಹಮ್ದುಲಿಲ್ಲಾಹ್, ನಮ್ಮಲ್ಲಿ ನಷ್ಟವೇ ಇಲ್ಲ" ಅಂತ ಬಂತು. ಬಿಟ್ಟೆ.

ಥಣಿಸಂದ್ರ ಕಡೆ ಒಬ್ಬ ಬಿಲ್ಡರ್ 30 ತಿಂಗಳ ಕಂತಿಗೆ ಒಪ್ಪಿದ್ದಾರೆ, ಒಟ್ಟು ಬೆಲೆ ಈಗಲೇ ಬರೆಯುತ್ತಾರಂತೆ. ಲೋನ್‌ನವರಿಗೆ ಹೇಳುವ ಬೆಲೆಗಿಂತ ಸ್ವಲ್ಪ ಜಾಸ್ತಿ. ಆ ಜಾಸ್ತಿ ಬಡ್ಡಿ ಆಗಲ್ವಾ? ಮತ್ತೆ, ದಮಾಮಿನಲ್ಲಿರುವ ಅಣ್ಣ ಸ್ವಲ್ಪ ಸಾಲ ಕೊಡುತ್ತೇನೆ ಅಂದಿದ್ದಾನೆ. ಅಣ್ಣನ ಹತ್ತಿರ ಕಾಗದ ಮಾಡಿಸೋದು ಮುಜುಗರ.

ಉಳ್ಳಾಲದ ಕಾಕ:

ಕಂತಿನ ಬೆಲೆ ಜಾಸ್ತಿ ಇದ್ದರೆ ತೊಂದರೆ ಇಲ್ಲ ಅಂತ ನಾಲ್ಕೂ ಮದ್‌ಹಬ್‌ಗಳ ಹೆಚ್ಚಿನವರು ಹೇಳುತ್ತಾರೆ. ಒಂದೇ ಷರತ್ತು: ಕ್ಯಾಶಿಗೆ ಇಷ್ಟು, ಕಂತಿಗೆ ಇಷ್ಟು ಅಂತ ಹೇಳಿ, ಯಾವುದು ಅಂತ ತೀರ್ಮಾನ ಮಾಡದೆ ಎದ್ದು ಬರಬಾರದು. ಒಂದು ಬೆಲೆಗೆ ನಿಂತು ಸಹಿ ಮಾಡು. ಆಮೇಲೆ ಅದು ಒಂದು ರೂಪಾಯಿಯೂ ಏರಬಾರದು. ತಡವಾದರೆ ಬಡ್ಡಿ ಅನ್ನುವ ಕಲಮನ್ನು ತೆಗೆಸೋಕೆ ಆಗಲ್ಲ ಅಂದ್ರೆ, ತಡ ಮಾಡದಷ್ಟು ಸಣ್ಣ ಕಂತು ಮಾಡಿಸಿಕೋ.

ಅಣ್ಣನ ಸಾಲಕ್ಕೆ ಕಾಗದ ಮಾಡಿಸಲೇಬೇಕು. ಮುಜುಗರ ಎಂಥದ್ದು? ಕುರ್‌ಆನಿನ ಅತಿ ಉದ್ದದ ಆಯತ್ (ವಾಕ್ಯ) ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲ ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ, ಸಣ್ಣದಾದರೂ ದೊಡ್ಡದಾದರೂ ಬೇಜಾರು ಮಾಡಿಕೊಳ್ಳಬೇಡಿ ಅಂತ ಇರೋದು ಅದರಲ್ಲಿ. ಬಕರಾ 282, ಅಣ್ಣನಿಗೆ ವಾಟ್ಸಾಪ್ ಮಾಡು. ಕಾಗದದಲ್ಲಿ ನಿನ್ನ ಮತ್ತು ಹೆಂಡತಿಯ ಇಬ್ಬರ ಸಹಿಯೂ ಇರಲಿ, ವಾಪಸ್ ಕೊಡುವ ತಿಂಗಳೂ ಬರೆ. ಅವನು ರಿಯಾಲಿನಲ್ಲಿ ಕೊಟ್ಟರೆ ರಿಯಾಲಿನ ಲೆಕ್ಕ, ರೂಪಾಯಿಯಲ್ಲಿ ಕೊಟ್ಟರೆ ರೂಪಾಯಿ ಲೆಕ್ಕ. ಇದೊಂದು ವಿಷಯಕ್ಕೆ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದನ್ನು ಗಲ್ಫಿನಲ್ಲಿ ಎಷ್ಟೋ ನೋಡಿದ್ದೇನೆ.

ಬಿಲ್ಡರ್ ಅಗ್ರಿಮೆಂಟಿನ ಕರಡು ಸಿಕ್ಕಿದರೆ ಪೇಮೆಂಟ್ ಶೆಡ್ಯೂಲಿನ ಪುಟ ಮಾತ್ರ ಇಲ್ಲಿ ಹಾಕು. ಹೆಸರು, ಸರ್ವೆ ನಂಬರ್ ಎಲ್ಲಾ ಮುಚ್ಚಿ ಹಾಕು. ಸಿಎ ಸಾಹೇಬರೂ ಒಮ್ಮೆ ನೋಡಲಿ.